ಮಗುವನ್ನೂ ಚಿವುಟಿ, ತೊಟ್ಟಿಲನ್ನೂ ತೂಗಿದ ಪ್ರಧಾನಿ

ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಒಬ್ಬ ಸದಸ್ಯ ಇನ್ನೊಬ್ಬನನ್ನು ‘ಸುಳ್ಳುಗಾರ’ ಎನ್ನುವಂತಿಲ್ಲ. ಅಂದರೆ ಆ ಮಾತನ್ನು ಹಿಂತೆಗೆದುಕೊಳ್ಳಬೇಕು, ಇಲ್ಲವೇ ಸಭೆಯಿಂದ ಹೊರನಡೆಯಬೇಕು. ನಮ್ಮ ಲೋಕಸಭೆ, ವಿಧಾನಸಭೆಗಳು ಪಾಲಿಸಿಕೊಂಡು ಬಂದಿರುವ ಮಡಿಯೂ ಅಲ್ಲಿಂದ ಬಂದದ್ದೇ. 1906ರಲ್ಲಿ ಚರ್ಚಿಲ್ ‘ಪದಪ್ರಯೋಗದ ಅನಿಖರತೆ’ ಎಂಬರ್ಥದ ಉದ್ದನೆಯ ಮಾತೊಂದನ್ನು ಹೊಸೆದರು. ಅಂದಿನಿಂದ ಅದು ‘ಸುಳ್ಳು’ ಎಂಬ ಪದದ ಮರ್ಯಾದಸ್ಥ ನೆಂಟನಾಗಿ ಚಲಾವಣೆಯಲ್ಲಿದೆ. ಹೀಗಾಗಿ ಸಭೆಯಲ್ಲಿ ಸುಳ್ಳು ಹೇಳಿದವನಿಗೆ ಇರುವಷ್ಟು ರಕ್ಷಣೆ, ಅದನ್ನು ಸುಳ್ಳು ಎಂದವನಿಗೆ ಇಲ್ಲ.

1956ರ ಡಿಸೆಂಬರ್ 20ರಂದು ಆ ಸಭೆಯಲ್ಲಿ ಪ್ರಧಾನಿ ಸರ್ ಆಂಟನಿ ಈಡನ್ ಉತ್ತರಿಸಲು ಎದ್ದು ನಿಂತರು. ಎರಡು ತಿಂಗಳ ಹಿಂದೆ ಇಸ್ರೇಲ್ ಈಜಿಪ್ಟಿನ ಮೇಲೆ ನುಗ್ಗಿತಲ್ಲ, ಅದು ಬ್ರಿಟಿಷ್ ಸರ್ಕಾರಕ್ಕೆ ಮುಂಚೆಯೇ ಗೊತ್ತಿತ್ತೇ ಎಂಬುದು ವಿರೋಧ ಪಕ್ಷದ ಪ್ರಶ್ನೆ. ಸಭೆಗೆ ಮುಚ್ಚುಮರೆಯಿಲ್ಲದೆ ಹೇಳಬಯಸುತ್ತೇನೆ ಎಂದು ಪೀಠಿಕೆ ಹಾಕಿ ಈಡನ್ ಹೇಳಿದರು: ‘ಇಸ್ರೇಲ್ ಈಜಿಪ್ಟಿನ ಮೇಲೆ ದಾಳಿ ಮಾಡುತ್ತದೆಂಬ ಮುನ್ನರಿವು ಇರಲಿಲ್ಲ. ಇರಲಿಲ್ಲ.’

‘ಇರಲಿಲ್ಲ’ ಎಂದು ಎರಡು ಸಲ ಹೇಳಿದರು. ಒಂದು ಸಲ ಹೇಳಿದ್ದರೂ ಅದು ಸುಳ್ಳೇ. ದಾಳಿಯ ದಿನ, ಅದು ಹಗಲೋ ಸಂಜೆಯೋ ಎಂಬುದು, ಅದಾದ ಮೇಲೆ ಬ್ರಿಟನ್ ಮತ್ತು ಫ್ರಾನ್ಸ್ ಯಾವಾಗ ಏನು ಹೇಳಬೇಕು, ಹೇಳಿದ ಎಷ್ಟು ಗಂಟೆಗೆ ಏನು ಮಾಡಬೇಕು, ಎಲ್ಲವೂ ಎಂಟು ವಾರ ಮೊದಲೇ ಕಾಗದದ ಮೇಲೆ ಬಿದ್ದಿತ್ತು. ಈಡನ್ ಕಳಿಸಿದ್ದ ಅಧಿಕಾರಿಯೇ ಅದಕ್ಕೆ ಸಹಿ ಹಾಕಿದ್ದರು.

ಈಡನ್ ಪುಡಾರಿಗಳ ಸಾಲಿನವರಾಗಿದ್ದರೆ ಈ ಕತೆಯನ್ನು ಇಷ್ಟು ವರ್ಷಗಳ ಮೇಲೆ ಕೆದಕಬೇಕಾಗಿರಲಿಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಪಡೆದವರು. ಆಕ್ಸ್‌ಫರ್ಡ್‌ನಲ್ಲಿ ಪರ್ಷಿಯನ್ ಮತ್ತು ಅರಬ್ಬಿ ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವರು. 38ನೆಯ ವಯಸ್ಸಿಗೆ ವಿದೇಶಾಂಗ ಸಚಿವ. ಉಡುಗೆ ತೊಡುಗೆ ಎಷ್ಟು ಅಚ್ಚುಕಟ್ಟೆಂದರೆ ಲಂಡನ್ನಿನಲ್ಲಿ ಒಂದು ಬಗೆಯ ಟೋಪಿಗೆ ಅವರ ಹೆಸರೇ ಅಂಟಿಕೊಂಡಿತ್ತು. 1938ರ ಫೆಬ್ರುವರಿಯಲ್ಲಿ ಪ್ರಧಾನಿ ಚೇಂಬರ್ಲೇನ್ ಮುಸೊಲಿನಿಯ ಜತೆ ರಾಜಿಗೆ ಹೊರಟಾಗ, ಅದನ್ನು ಒಪ್ಪದೆ ಸಚಿವ ಪದವಿಗೆ ರಾಜೀನಾಮೆ ಎಸೆದು ಹೊರಬಂದವರು. ಲಂಚದ ಮಾತು ಅವರ ಹತ್ತಿರ ಸುಳಿದಿರಲಿಲ್ಲ. ಚರ್ಚಿಲ್ ಗಾದಿ ಬಿಡುವುದನ್ನೇ ವರ್ಷಗಟ್ಟಲೆ ಕಾದು, 1955ರ ಏಪ್ರಿಲ್‌ನಲ್ಲಿ ಪ್ರಧಾನಿಯಾದಾಗ ನೆಟ್ಟಗಿನ ಮನುಷ್ಯನೊಬ್ಬ ಬಂದ ಎಂದೇ ಬ್ರಿಟನ್ ಭಾವಿಸಿತು.

ಅಧಿಕಾರಕ್ಕೆ ಬಂದು ಹದಿನೈದು ತಿಂಗಳಾಗುವಷ್ಟರಲ್ಲಿ ಸೂಯೆಜ್ ಎದುರಾಯಿತು. ಆಸ್ವಾನ್ ಅಣೆಕಟ್ಟಿಗೆ ಕೊಡುವುದಾಗಿ ಹೇಳಿದ್ದ ಹಣವನ್ನು ಅಮೆರಿಕ, ಅದರ ಹಿಂದೆಯೇ ಬ್ರಿಟನ್, ಕೊಡುವುದಿಲ್ಲವೆಂದವು. ಒಂದು ವಾರದೊಳಗೆ, 1956ರ ಜುಲೈ 26ರಂದು, ಈಜಿಪ್ಟಿನ ಅಧ್ಯಕ್ಷ ಗಮಾಲ್ ಅಬ್ದೆಲ್ ನಾಸೆರ್ ಅಲೆಕ್ಸಾಂಡ್ರಿಯದಲ್ಲಿ ಭಾಷಣಕ್ಕೆ ನಿಂತರು. ಕಾಲುವೆ ಕಟ್ಟಿಸಿದ ಫ್ರೆಂಚ್ ಸಾಹಸಿ ಡಿ ಲೆಸೆಪ್ಸ್‌ನ ಹೆಸರನ್ನು ಆ ಭಾಷಣದಲ್ಲಿ ಮತ್ತೆ ಮತ್ತೆ ತಂದರು. ಕೇಳುವವರಿಗೆ ಅದು ಇತಿಹಾಸ. ರೇಡಿಯೋಗೆ ಕಿವಿಗೊಟ್ಟು ಕೂತಿದ್ದ ಅವರ ಜನರಿಗೆ ಅದೇ ಸನ್ನೆ. ಭಾಷಣ ಮುಗಿಯುವ ಹೊತ್ತಿಗೆ ಸೂಯೆಜ್ ಕಾಲುವೆ ಕಂಪನಿಯ ಕಚೇರಿಗಳು ಈಜಿಪ್ಟಿನ ವಶವಾಗಿದ್ದವು.

ಆ ಕಂಪನಿಯಲ್ಲಿ ಬ್ರಿಟಿಷ್ ಸರ್ಕಾರದ ಪಾಲು ಶೇಕಡಾ 44. ಈಡನ್‌ಗೆ ನಾಸೆರ್ ಇನ್ನೊಬ್ಬ ಮುಸೊಲಿನಿಯಾಗಿ ಕಂಡರು. ಆದರೆ ಯುದ್ಧಕ್ಕೆ ನೆಪ ಬೇಕಲ್ಲ? ನಾಸೆರ್ ಷೇರುದಾರರಿಗೆ ಪರಿಹಾರ ಕೊಡುತ್ತೇನೆ ಎಂದಿದ್ದರು. ಸೆಪ್ಟೆಂಬರಿನಲ್ಲಿ ವಿದೇಶಿ ಪೈಲಟ್‌ಗಳು ಕೆಲಸ ಬಿಟ್ಟು ಹೋದರೂ ಕಾಲುವೆಯಲ್ಲಿ ಹಡಗುಗಳು ಎಂದಿನಂತೆ ಓಡಾಡಿದವು. ಲಂಡನ್ನಿನಲ್ಲಿ ಸಮ್ಮೇಳನ ನಡೆಯಿತು. ನೆಹರೂ ಕಳಿಸಿದ್ದ ವಿ.ಕೆ. ಕೃಷ್ಣ ಮೆನನ್ ಅಲ್ಲಿ ತಮ್ಮದೇ ಸೂತ್ರವೊಂದನ್ನು ಮುಂದಿಟ್ಟು ಎರಡೂ ಕಡೆ ಓಡಾಡಿದರು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಭದ್ರತಾ ಮಂಡಳಿಯಲ್ಲಿ ಆರು ತತ್ವಗಳ ಮೇಲೆ ಒಮ್ಮತವೂ ಮೂಡತೊಡಗಿತ್ತು. ರಾಜಿಯಾಗಿಬಿಡುವ ಅಪಾಯ ಎದುರಾಯಿತೆನ್ನಬೇಕು.

ಆಗ ಬಂತು ಫ್ರೆಂಚರ ಉಪಾಯ. ಅಕ್ಟೋಬರ್ 14ರಂದು ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ಗೆ ಇಬ್ಬರು ಫ್ರೆಂಚರು ಬಂದರು. ಒಬ್ಬರು ಸಚಿವ, ಇನ್ನೊಬ್ಬರು ಜನರಲ್ ಶಾಲ್. ಅವರು ಬಾಯಿಬಿಡುವಾಗಲೇ ಈಡನ್ ತಮ್ಮ ಖಾಸಗಿ ಕಾರ್ಯದರ್ಶಿಯತ್ತ ತಿರುಗಿ, ಏನನ್ನೂ ಬರೆದುಕೊಳ್ಳುವ ಅಗತ್ಯವಿಲ್ಲ ಎಂದರು. ಉಪಾಯ ಇಷ್ಟೇ: ಇಸ್ರೇಲ್ ಈಜಿಪ್ಟಿನ ಮೇಲೆ ಬೀಳಲಿ. ಬಿದ್ದ ಮೇಲೆ ಬ್ರಿಟನ್ನೂ ಫ್ರಾನ್ಸೂ ‘ಜಗಳ ನಿಲ್ಲಿಸಿ, ಇಬ್ಬರೂ ಕಾಲುವೆಯಿಂದ ದೂರ ಸರಿಯಿರಿ’ ಎಂದು ಗಡುವು ಕೊಡಲಿ. ತನ್ನದೇ ನೆಲದಿಂದ ಹಿಂದೆ ಸರಿಯಲು ಈಜಿಪ್ಟ್ ಹೇಗೂ ಒಪ್ಪುವುದಿಲ್ಲ. ಒಪ್ಪದಿದ್ದಾಗ ಕಾಲುವೆಯನ್ನು ಕಾಪಾಡುವ ನೆವದಲ್ಲಿ ಎರಡೂ ದೇಶಗಳ ಸೇನೆ ಇಳಿಯಲಿ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದು ನಮ್ಮಲ್ಲಿ ಹೇಳುತ್ತಾರೆ. ಇಲ್ಲಿ ಚಿವುಟುವುದಕ್ಕೆ ಬೇರೊಬ್ಬರನ್ನು ಗೊತ್ತುಮಾಡಿ, ತೂಗುವುದನ್ನು ಮಾತ್ರ ತಾವಿಟ್ಟುಕೊಂಡರು.

ಅಕ್ಟೋಬರ್ 22ರಂದು ವಿದೇಶಾಂಗ ಸಚಿವ ಸೆಲ್ವಿನ್ ಲಾಯ್ಡ್ ನೆಗಡಿಯ ನೆಪ ಹೇಳಿ ಅಂದಿನ ಕಾರ್ಯಕ್ರಮಗಳನ್ನು ರದ್ದು ಮಾಡಿದರು. ನೆಗಡಿಯವರು ಹೋದದ್ದು ಪ್ಯಾರಿಸ್ ಪಕ್ಕದ ಸೆವ್ರ್‌ಗೆ, ಅಲ್ಲಿನ ಒಂದು ಖಾಸಗಿ ಬಂಗಲೆಗೆ. ಅಲ್ಲಿ ಇಸ್ರೇಲಿನ ಪ್ರಧಾನಿ ಬೆನ್ ಗುರಿಯನ್, ಸೇನಾ ಮುಖ್ಯಸ್ಥ ಮೋಶೆ ದಯಾನ್, ಯುವ ಅಧಿಕಾರಿ ಶಿಮೋನ್ ಪೆರೆಸ್. ಜತೆಗೆ ಫ್ರಾನ್ಸಿನ ಪ್ರಧಾನಿ ಗಿ ಮೊಲೆ ಮತ್ತು ಅವರ ಸಚಿವರು. ಆ ಜಾಗ, ಆ ಸಹವಾಸ, ಆ ವಿಷಯ ಮೂರರ ಮೇಲೂ ಲಾಯ್ಡ್‌ಗೆ ಹೇಸಿಗೆ ಇದ್ದಂತಿತ್ತು ಎಂಬರ್ಥದಲ್ಲಿ ದಯಾನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಹೇಸಿಗೆ ಇದ್ದದ್ದು ನಿಜವಾದರೆ ಅದು ಲಾಯ್ಡ್‌ಗೆ ಶೋಭೆ ತರುವ ಸಂಗತಿ. ಎದ್ದು ಹೋಗಲಿಲ್ಲ ಎಂಬುದು ಮಾತ್ರ ಉಳಿಯುತ್ತದೆ.

ಬೆನ್ ಗುರಿಯನ್ ಬ್ರಿಟಿಷರನ್ನು ನಂಬುವವರಲ್ಲ. ಯುದ್ಧ ಶುರು ಮಾಡಿದ ಮೇಲೆ ಕೈಕೊಟ್ಟರೆ ಗತಿಯೇನು? ಬರಹದಲ್ಲಿ ಬೇಕೆಂದರು. ಅಕ್ಟೋಬರ್ 24ರಂದು ಫ್ರೆಂಚ್ ಭಾಷೆಯಲ್ಲಿ ಮೂರು ಪ್ರತಿ ಟೈಪಾಯಿತು. 29ರ ಸಂಜೆ ಇಸ್ರೇಲ್ ದಾಳಿ ಮಾಡುವುದು, 30ರಂದು ಗಡುವು, 12 ಗಂಟೆಯೊಳಗೆ ಈಜಿಪ್ಟ್ ಒಪ್ಪದಿದ್ದರೆ 31ರ ಬೆಳಗಿನ ಜಾವ ಅದರ ಮೇಲೆ ದಾಳಿ. ಈ ಏರ್ಪಾಟು ಕಟ್ಟುನಿಟ್ಟಾಗಿ ಗುಟ್ಟಾಗಿರಬೇಕು ಎಂಬ ಕಲಮೂ ಅದರಲ್ಲಿತ್ತು. ಇಸ್ರೇಲಿನ ಪರ ಬೆನ್ ಗುರಿಯನ್, ಫ್ರಾನ್ಸಿನ ಪರ ವಿದೇಶಾಂಗ ಸಚಿವ ಪಿನೋ, ಬ್ರಿಟನ್ನಿನ ಪರ ವಿದೇಶಾಂಗ ಕಚೇರಿಯ ಹಿರಿಯ ಅಧಿಕಾರಿ ಪ್ಯಾಟ್ರಿಕ್ ಡೀನ್ ಸಹಿ ಮಾಡಿದರು. ತಮ್ಮ ಪ್ರತಿಯನ್ನು ಬೆನ್ ಗುರಿಯನ್ ಮಡಚಿ ಒಳಕೋಟಿನ ಜೇಬಿಗೆ ಸೇರಿಸಿದರು.

ಕಾಗದ ಕಂಡು ಈಡನ್ ಬೆಚ್ಚಿದರು. ಕಾಗದವೇ ಇರುತ್ತದೆ ಎಂದು ಅವರು ನೆನೆಸಿರಲಿಲ್ಲ. ಮರುದಿನವೇ ಡೀನ್ ಮತ್ತು ಅವರ ಜತೆಗಾರ ಡೊನಾಲ್ಡ್ ಲೋಗನ್ ಅವರನ್ನು ಮತ್ತೆ ಪ್ಯಾರಿಸ್‌ಗೆ ಅಟ್ಟಿದರು: ಎಲ್ಲ ಪ್ರತಿಗಳನ್ನೂ ನಾಶಮಾಡಿಸಿ ಬನ್ನಿ. ಫ್ರೆಂಚರು ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ಹೊತ್ತು ಕಳೆಯಿತು, ಯಾರೂ ಬರಲಿಲ್ಲ. ಬಾಗಿಲು ನೋಡಿದರೆ ಹೊರಗಿನಿಂದ ಬೀಗ. ಕೊನೆಗೆ ಬಂದ ಉತ್ತರ: ಆಗದು, ಇಸ್ರೇಲಿನ ಪ್ರತಿ ಆಗಲೇ ಹೊರಟುಹೋಗಿದೆ. ಬರಿಗೈಯಲ್ಲಿ ಹಿಂದಿರುಗಿದರು. ಬ್ರಿಟನ್ನಿನ ಪ್ರತಿಯನ್ನು ಈಡನ್ ನಾಶಮಾಡಿಸಿದರು. ಫ್ರಾನ್ಸಿನ ಪ್ರತಿ ಎಲ್ಲೋ ಕಳೆದುಹೋಯಿತು. ಜೇಬಿನಲ್ಲಿದ್ದದ್ದು ಉಳಿಯಿತು.

ಮುಂದಿನದು ಬರೆದ ಪ್ರಕಾರವೇ ನಡೆಯಿತು, ಬಾಂಬು ಬೀಳಲು ಅರ್ಧ ದಿನ ತಡವಾದದ್ದನ್ನು ಬಿಟ್ಟರೆ. 29ರ ಸಂಜೆ ಇಸ್ರೇಲಿ ಪ್ಯಾರಾಚೂಟ್ ಪಡೆ ಸಿನಾಯ್‌ಯಲ್ಲಿ ಇಳಿಯಿತು. 30ರಂದು ಗಡುವು ಹೊರಟಿತು: ಇಬ್ಬರೂ ಕಾಲುವೆಯಿಂದ ಹತ್ತು ಮೈಲಿ ಹಿಂದೆ ಸರಿಯಬೇಕು. ಇಸ್ರೇಲಿನ ಬಹುಪಾಲು ಸೈನ್ಯ ಆಗಿನ್ನೂ ಕಾಲುವೆಯಿಂದ ಎಷ್ಟೋ ದೂರದಲ್ಲಿತ್ತು. ‘ಹಿಂದೆ ಸರಿ’ ಎಂಬ ಆಜ್ಞೆ ಅದರ ಪಾಲಿಗೆ ‘ಇನ್ನಷ್ಟು ಮುಂದೆ ಬಾ’ ಎಂಬ ಅಪ್ಪಣೆಯಾಗಿತ್ತು. ನಕ್ಷೆ ಬಿಡಿಸಿ ನೋಡಿದ ಯಾರಿಗೂ ಗುಮಾನಿ ಬರುವಂಥ ಎಡವಟ್ಟು ಇದು. ಬಂತು ಕೂಡ.

31ರಂದು ಸೆಲ್ವಿನ್ ಲಾಯ್ಡ್ ಕಾಮನ್ಸ್ ಸಭೆಗೆ ಹೇಳಿದರು: ಇಸ್ರೇಲನ್ನು ನಾವು ಎತ್ತಿಕಟ್ಟಿದೆವು ಎನ್ನುವುದು ಪೂರ್ತಿ ತಪ್ಪು, ನಮ್ಮ ನಡುವೆ ಪೂರ್ವಭಾವಿ ಒಪ್ಪಂದ ಇರಲಿಲ್ಲ. ಅದೇ ಸಂಜೆ ಬ್ರಿಟಿಷ್ ವಿಮಾನಗಳು ಈಜಿಪ್ಟಿನ ವಾಯುನೆಲೆಗಳ ಮೇಲೆ ಬಾಂಬು ಹಾಕತೊಡಗಿದವು. ಇದು ಯುದ್ಧವೇ ಎಂದು ಕೇಳಿದರೆ ಅಲ್ಲ, ‘ಸಶಸ್ತ್ರ ಸಂಘರ್ಷ’ ಎಂದರು ಈಡನ್. ನವೆಂಬರ್ 1ರಂದು ಸಭೆಯಲ್ಲಿ ಗದ್ದಲ ಎಷ್ಟಾಯಿತೆಂದರೆ ಸ್ಪೀಕರ್ ಅರ್ಧ ಗಂಟೆ ಕಲಾಪ ನಿಲ್ಲಿಸಬೇಕಾಯಿತು. 3ರಂದು ಈಡನ್ ಬಿಬಿಸಿಯಲ್ಲಿ ಜನರನ್ನುದ್ದೇಶಿಸಿ ಮಾತಾಡಿ, ತಾವು ಜೀವಮಾನವಿಡೀ ಶಾಂತಿಗಾಗಿ ದುಡಿದ ಶಾಂತಿಪ್ರಿಯ, ಬಯಸಿದರೂ ಬೇರೆ ಆಗಲಾರೆ ಎಂದರು. ಆ ಮಾತನ್ನು ಅವರು ನಂಬಿದ್ದರು ಎಂದೇ ತೋರುತ್ತದೆ. ಬೇರೆಯವರಿಗೆ ಹೇಳುವ ಸುಳ್ಳಿಗೆ ಒಳಗೊಳಗೇ ಒಂದು ಸತ್ಯದ ಆಸರೆ ಬೇಕಾಗುತ್ತದೆ. ಈಡನ್‌ಗೆ ಅವರ ಹಳೆಯ ಪ್ರಾಮಾಣಿಕತೆಯೇ ಆ ಆಸರೆಯಾಯಿತು. 1938ರಲ್ಲಿ ಸರಿಯಾಗಿದ್ದವನು 1956ರಲ್ಲಿ ತಪ್ಪಾಗಲು ಹೇಗೆ ಸಾಧ್ಯ?

ಮರುದಿನ ಟ್ರಫಾಲ್ಗರ್ ಚೌಕದಲ್ಲಿ ಭಾರಿ ಸಭೆ. ಲೇಬರ್ ಪಕ್ಷದ ಅನೈರಿನ್ ಬೆವನ್ ಅಲ್ಲಿ ಆಡಿದ ಮಾತು ಪ್ರಸಿದ್ಧ: ಈಡನ್ ಮನಸಾರೆ ಈ ಮಾತು ಹೇಳುತ್ತಿದ್ದರೆ, ಪ್ರಧಾನಿಯಾಗಲು ಆಗದಷ್ಟು ಪೆದ್ದ. ‘ಸುಳ್ಳುಗಾರ’ ಎನ್ನದೆಯೂ ಎಲ್ಲವನ್ನೂ ಹೇಳಿದ ಬಗೆ ಅದು. ಅದು ಬೀದಿ ಸಭೆ; ಅಲ್ಲಿ ಮಡಿಯ ಹಂಗಿರಲಿಲ್ಲ.

ಆ ದಿನವೇ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿ ಹಂಗೇರಿಯ ದಂಗೆಯನ್ನು ತುಳಿದವು. ಮಾಸ್ಕೋವನ್ನು ಗದರಿಸಲು ಲಂಡನ್, ಪ್ಯಾರಿಸ್‌ಗಳಿಗೆ ಬಾಯಿ ಉಳಿದಿರಲಿಲ್ಲ. (ಸೂಯೆಜ್ ಬಗ್ಗೆ ಕೂಡಲೇ ಗುಡುಗಿದ ದೆಹಲಿ ಹಂಗೇರಿಯ ಬಗ್ಗೆ ತಡವರಿಸಿತು ಎಂಬ ದೂರು ನೆಹರೂ ಅವರ ಮೇಲೂ ಇದೆ. ಅದು ಸುಳ್ಳಿನ ದೂರಲ್ಲ, ಮೌನದ ದೂರು.) 5ರಂದು ಪ್ಯಾರಾಚೂಟ್ ಪಡೆ, 6ರಂದು ಹಡಗಿನ ಪಡೆ ಪೋರ್ಟ್ ಸೈದ್‌ನಲ್ಲಿ ಇಳಿದವು. ಆ ಊರಿನಲ್ಲಿ ನೂರಾರು ಜನ ಸತ್ತರು. ಕಾಲುವೆಯನ್ನು ಕಾಪಾಡಲು ಬಂದವರ ಕಣ್ಣೆದುರೇ ಈಜಿಪ್ಟ್ ಅದರಲ್ಲಿ ಹಡಗುಗಳನ್ನು ಮುಳುಗಿಸಿ ದಾರಿ ಕಟ್ಟಿತು. 1957ರ ಏಪ್ರಿಲ್‌ವರೆಗೆ ಯೂರೋಪಿನಿಂದ ಮುಂಬಯಿಗೆ ಬರುವ ಹಡಗುಗಳು ಆಫ್ರಿಕವನ್ನು ಬಳಸಿ ಬರಬೇಕಾಯಿತು. ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು.

ಈ ಸುಳ್ಳಿಗೆ ಹೆಚ್ಚು ಕೆರಳಿದವರು ಈಜಿಪ್ಟಿನವರಲ್ಲ, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್. ಚುನಾವಣೆಯ ಮುನ್ನಾ ವಾರದಲ್ಲಿ, ಗೆಳೆಯರೇ ಕತ್ತಲಲ್ಲಿಟ್ಟು ಮಾಡಿದ ಕೆಲಸ. ಪೌಂಡ್ ಕುಸಿಯತೊಡಗಿತು, ವಾಷಿಂಗ್ಟನ್ ಕೈಚಾಚಲಿಲ್ಲ. ಸೈನ್ಯ ವಾಪಸಾಗುವ ತನಕ ಸಾಲದ ಮಾತಿಲ್ಲ ಎಂದಿತು. ವಿಶ್ವಸಂಸ್ಥೆಯ ಮಹಾಸಭೆ ಕದನವಿರಾಮದ ಗೊತ್ತುವಳಿಯನ್ನು 64-5 ಮತಗಳಿಂದ ಅಂಗೀಕರಿಸಿತ್ತು. ನವೆಂಬರ್ 6ರ ನಡುರಾತ್ರಿ ಗುಂಡು ನಿಂತಿತು. ಡಿಸೆಂಬರಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಹೊರಟರು. ಅವರ ಜಾಗ ತುಂಬಿದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. 1967ರವರೆಗೆ ಗಾಜಾದ ಮರಳಿನಲ್ಲಿ ಅವರು ಕಾವಲು ನಿಂತರು. ಆ ವರ್ಷದ ಯುದ್ಧದಲ್ಲಿ ಅವರಲ್ಲಿ ಕೆಲವರು ಅಲ್ಲೇ ಪ್ರಾಣ ಬಿಟ್ಟರು.

ಈಡನ್ ಆರೋಗ್ಯ ಕೆಟ್ಟಿತ್ತು. 1953ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳಕ್ಕೆ ಪೆಟ್ಟಾಗಿ, ಆಮೇಲೆ ಜ್ವರ, ಮಾತ್ರೆಗಳಲ್ಲೇ ದಿನ ದೂಡುತ್ತಿದ್ದರು. ಅವರ ತಪ್ಪನ್ನೆಲ್ಲ ಈ ಮಾತ್ರೆಗಳ ಮೇಲೆ ಹಾಕುವವರಿದ್ದಾರೆ. ಮಾತ್ರೆ ತಿಂದವರು ಸಿಡುಕಬಹುದು, ನಿದ್ದೆಗೆಡಬಹುದು. ಮೂರು ದೇಶಗಳ ನಡುವೆ ದಿನಾಂಕ, ಗಂಟೆ ಗೊತ್ತುಮಾಡಿ, ನೆಗಡಿಯ ನೆಪ ಹೂಡಿ, ಸಾಕ್ಷ್ಯ ಅಳಿಸಲು ಆಳು ಕಳಿಸುವುದು ಜ್ವರದ ಕೆಲಸವಲ್ಲ. ನವೆಂಬರ್ ಕೊನೆಯಲ್ಲಿ ವಿಶ್ರಾಂತಿಗೆಂದು ಅವರು ಜಮೈಕಾಕ್ಕೆ ಹೋದರು. ಉಳಿದುಕೊಂಡದ್ದು ಜೇಮ್ಸ್ ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಮನೆಯಲ್ಲಿ. ವಾಪಸು ಬಂದು, ಡಿಸೆಂಬರ್ 20ರಂದು ಆ ‘ಇರಲಿಲ್ಲ’ ಎಂದರು. 1957ರ ಜನವರಿ 9ರಂದು ಅನಾರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಸಲ್ಲಿಸಿದರು. ಸುಳ್ಳಿಗಾಗಿ ಅಲ್ಲ.

ಯಾರಿಗೆ ಏನಾಯಿತು ಎಂದು ಲೆಕ್ಕ ಹಾಕಿದರೆ ಸ್ವಾರಸ್ಯವಿದೆ. ಚೆಕರ್ಸ್‌ನಲ್ಲಿ ಅಂದು ಕೂತಿದ್ದ ಕಿರಿಯ ಸಚಿವ ಆಂಟನಿ ನಟಿಂಗ್, ಈ ಸುಳ್ಳನ್ನು ಸಭೆಯಲ್ಲಿ ಸಮರ್ಥಿಸಲಾರೆ ಎಂದು ರಾಜೀನಾಮೆ ಕೊಟ್ಟರು. ಈಡನ್ ಅವರನ್ನೇ ಗುರುವೆಂದು ತಿಳಿದಿದ್ದವರು. ಹತ್ತು ವರ್ಷ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡರು. ಸಚಿವಗಿರಿಯ ಜತೆ ಸಂಸತ್ ಸದಸ್ಯತ್ವವೂ ಹೋಯಿತು. ರಾಜಕೀಯ ಬದುಕು 36ನೆಯ ವಯಸ್ಸಿಗೇ ಮುಗಿಯಿತು. ಒಳಸಂಚನ್ನು ಬಲ್ಲವರಾಗಿದ್ದ ಹಣಕಾಸು ಸಚಿವ ಮ್ಯಾಕ್‌ಮಿಲನ್ ಪ್ರಧಾನಿಯಾದರು. 1959ರ ಚುನಾವಣೆಯಲ್ಲಿ ಅವರ ಪಕ್ಷ ಮತ್ತೆ ಗೆದ್ದಿತು, ಹಿಂದಿಗಿಂತ ದೊಡ್ಡ ಬಹುಮತದಿಂದ. ಸಹಿ ಹಾಕಿದ ಪ್ಯಾಟ್ರಿಕ್ ಡೀನ್ ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾದರು. ‘ಒಪ್ಪಂದ ಇರಲಿಲ್ಲ’ ಎಂದ ಸೆಲ್ವಿನ್ ಲಾಯ್ಡ್ ವಿದೇಶಾಂಗ ಸಚಿವರಾಗಿಯೇ ಮುಂದುವರಿದು, ಆಮೇಲೆ ಹಣಕಾಸು ಸಚಿವರಾಗಿ, 1971ರಲ್ಲಿ ಅದೇ ಕಾಮನ್ಸ್ ಸಭೆಯ ಸ್ಪೀಕರ್ ಆದರು. ಸದಸ್ಯರು ‘ಸುಳ್ಳುಗಾರ’ ಎಂಬ ಪದ ಬಳಸಿದರೆ ಹಿಂತೆಗೆದುಕೊಳ್ಳಿ ಎಂದು ಗದರುವ ಪೀಠದಲ್ಲಿ ಐದು ವರ್ಷ ಕೂತರು. ಅಂದು ಗದ್ದಲವೆಬ್ಬಿಸಿದ ಲೇಬರ್ ಪಕ್ಷ 1964ರಲ್ಲಿ ಅಧಿಕಾರಕ್ಕೆ ಬಂದರೂ ಸೂಯೆಜ್ ಬಗ್ಗೆ ವಿಚಾರಣೆ ನಡೆಸಲಿಲ್ಲ.

ಹಾಗೆಂದು ಆ ಸಭೆ ಸುಳ್ಳನ್ನು ಶಿಕ್ಷಿಸಿದ್ದೇ ಇಲ್ಲ ಎನ್ನುವಂತಿಲ್ಲ. 1963ರ ಮಾರ್ಚ್‌ನಲ್ಲಿ ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ ಒಬ್ಬ ಯುವತಿಯ ಜತೆಗಿನ ಸಂಬಂಧದ ಬಗ್ಗೆ ಸಭೆಗೆ ಸುಳ್ಳು ಹೇಳಿದರು. ಜೂನ್‌ನಲ್ಲಿ ತಪ್ಪೊಪ್ಪಿ ಸಚಿವ ಪದವಿ, ಸದಸ್ಯತ್ವ ಎರಡನ್ನೂ ಕಳೆದುಕೊಂಡರು. ಉಳಿದ ಆಯುಷ್ಯದ ಬಹುಭಾಗವನ್ನು ಲಂಡನ್ನಿನ ಬಡವರ ಕೇರಿಯ ಸೇವಾಸಂಸ್ಥೆಯೊಂದರಲ್ಲಿ ದುಡಿದು ಕಳೆದರು. ತಿಳಿದೂ ತಿಳಿದೂ ಸಂಸತ್ತಿನ ದಾರಿ ತಪ್ಪಿಸಿದ ಸಚಿವರು ರಾಜೀನಾಮೆ ಕೊಡತಕ್ಕದ್ದೆಂದು 1997ರಲ್ಲಿ ಸಭೆ ಗೊತ್ತುವಳಿಯನ್ನೇ ಮಾಡಿತು. ಕೊರೊನಾ ಕಾಲದಲ್ಲಿ ತಮ್ಮ ಕಚೇರಿಯಲ್ಲೇ ಕೂಟಗಳು ನಡೆದಿದ್ದರೂ ನಿಯಮಗಳೆಲ್ಲ ಪಾಲನೆಯಾಗಿವೆ ಎಂದು ಸಭೆಗೆ ಹೇಳಿದ್ದ ಬೋರಿಸ್ ಜಾನ್ಸನ್, ಬೇಕೆಂದೇ ದಾರಿ ತಪ್ಪಿಸಿದರು ಎಂದು ಹಕ್ಕುಬಾಧ್ಯತಾ ಸಮಿತಿ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಸಭೆ ಅದನ್ನು 354-7 ಮತಗಳಿಂದ ಒಪ್ಪಿತು. ಅಷ್ಟರಲ್ಲಿ ಅವರು ಸದಸ್ಯತ್ವ ಬಿಟ್ಟು ಹೋಗಿದ್ದರು. ಹೆಣ್ಣಿನ ವಿಷಯ, ಕೇಕು ಕತ್ತರಿಸಿದ ವಿಷಯ ಯಾರಿಗೂ ಬೇಗ ಅರ್ಥವಾಗುತ್ತದೆ. ದೇಶವನ್ನೇ ಯುದ್ಧಕ್ಕೆ ಇಳಿಸಿದ ಸುಳ್ಳಿಗೆ ‘ರಾಷ್ಟ್ರಹಿತ’ ಎಂಬ ಶಾಲು ಹೊದಿಸುವುದು ಸುಲಭ; ಆ ಶಾಲನ್ನು ಎಳೆಯಲು ಹೋದವನು ದೇಶದ್ರೋಹಿಯಂತೆ ಕಾಣುತ್ತಾನೆ.

ಗುಟ್ಟು ಮಾತ್ರ ನಿಲ್ಲಲಿಲ್ಲ. 1967ರಲ್ಲಿ ನಟಿಂಗ್ ಪುಸ್ತಕ ಬರೆದು ಬಾಯಿಬಿಟ್ಟರು. ಆಮೇಲೆ ಪಿನೋ ಬರೆದರು, ದಯಾನ್ ಬರೆದರು. ಸೆಲ್ವಿನ್ ಲಾಯ್ಡ್ ಬರೆದಿಟ್ಟದ್ದು ಅವರು ತೀರಿಕೊಂಡ ಮೇಲೆ 1978ರಲ್ಲಿ ಅಚ್ಚಾಯಿತು. 30 ವರ್ಷದ ನಿಯಮದಂತೆ 1987ರ ಜನವರಿಯಲ್ಲಿ ಬ್ರಿಟನ್ ಕಡತಗಳನ್ನು ಬಿಚ್ಚಿದಾಗ, ಮುಖ್ಯ ಕಾಗದ ಅಲ್ಲಿರಲಿಲ್ಲ. 1996ರಲ್ಲಿ, ಸೂಯೆಜ್‌ಗೆ 40 ವರ್ಷ ತುಂಬಿದಾಗ, ಇಸ್ರೇಲಿನ ದಾಖಲೆಗಳಲ್ಲಿ ಭದ್ರವಾಗಿದ್ದ ಬೆನ್ ಗುರಿಯನ್ ಅವರ ಪ್ರತಿಯ ನಕಲು ಬಿಬಿಸಿಯ ಸಾಕ್ಷ್ಯಚಿತ್ರವೊಂದಕ್ಕೆ ದೊರಕಿತು. ಜಗತ್ತು ಮೂರು ಸಹಿಗಳನ್ನು ನೋಡಿತು.

ಈಡನ್ 1960ರಲ್ಲಿ ಆತ್ಮಕಥೆಯ ಒಂದು ಸಂಪುಟ ಹೊರತಂದರು. ಸೂಯೆಜ್ ಬಗ್ಗೆ ಅದರಲ್ಲಿ ಪುಟಗಟ್ಟಲೆ ಇದೆ. ಸೆವ್ರ್‌ನ ಬಂಗಲೆ ಇಲ್ಲ. ಮರುವರ್ಷ ಅವರಿಗೆ ಅರ್ಲ್ ಪದವಿ ಬಂತು. 1977ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಆ ಬಗ್ಗೆ ಬಹಿರಂಗವಾಗಿ ತಪ್ಪೊಪ್ಪಲಿಲ್ಲ. ಸಭೆಯ ನಡಾವಳಿಗಳನ್ನು ಅಚ್ಚುಹಾಕುವ ಹ್ಯಾನ್ಸಾರ್ಡ್‌ನ ಸಂಪುಟದಲ್ಲಿ 1956ರ ಡಿಸೆಂಬರ್ 20ರ ಮಾತು ಈಗಲೂ ಇದೆ, ಎರಡು ‘ಇರಲಿಲ್ಲ’ಗಳ ಸಮೇತ.